ಹಸುಗೂಸಿನ ಶಸ್ತ್ರಗಾಯವನ್ನು ಕಾಯುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಹುಟ್ಟುವ ಕೂಸುಗಳಲ್ಲಿಯೂ ಕೆಲವಕ್ಕೆ ಗುದದ್ವಾರವು ಮುಚ್ಚಿರುವದುಂಟು, ಕೆಲವಕ್ಕೆ ಕರುಳಿನ ದಾರಿಯು ಕಟ್ಟಿರುವದುಂಟು. ಇಂಥ ಕೂಸಿಗೆ ಬೇಗನೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಪ್ರಾಣವು ಉಳಿಯದು. ಆದರೆ ವೈದ್ಯನ ಕೆಲಸವು ಚೆನ್ನಾಗಿ ಮುಗಿದರೂ ಗಾಯದಲ್ಲಿ ಕೀವು ಹುಟ್ಟಿದರೆ ಆ ಪ್ರಯಾಸವೆಲ್ಲಾ ವ್ಯರ್ಥವಾದೀತು.

ಕೀವು ಹುಟ್ಟುವದು ಯಾತರಿಂದ? ಕೈ, ಬಟ್ಟೆ, ನೀರುಗಳ ಮೂಲಕ ಸೇರುವ ಕಣ್ಣಿಗೆ ಕಾಣದ ಕ್ರಿಮಿಗಳಿಂದ. 1865ರಲ್ಲಿ ಗ್ಲಾಸ್ಗೋ ಪಟ್ಟಣದ ಲಿಸ್ಟರ್ ಎಂಬ ಶಸ್ತ್ರವೈದ್ಯನು ಕಾಲು ಮುರಿದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಬಟ್ಟೆಯನ್ನು ಕಟ್ಟಲು, ಅದು ಕೀವಾಗದೆ ವಾಸಿಯಾಯಿತು. ಹಸುಗೂಸಿನ ಚರ್ಮವು ಬಲು ತೆಳುವು. ರೋಗವನ್ನು ಎದುರಿಸುವ ಶಕ್ತಿಯು ಅಲ್ಪವು. ಮೈಯು ಬೇಗನೆ ತಣ್ಣಗಾಗುವದು.

ಆಸ್ಪತ್ರೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಕೊಟ್ಟ ಸೂಚನೆಗಳ ಮೇರೆಗೆ, ಕ್ರಿಮಿನಾಶಕ ಔಷಧವು ಬೇಕಾದಲ್ಲಿ ಅದನ್ನು ಕೊಯ್ಯುವದಕ್ಕೆ ಮುಂಚಿನ 120 ನಿಮಿಷಗಳೊಳಗೆ ಕೊಡತಕ್ಕದ್ದು. ಗಾಯವನ್ನು ಕಾಯುವದಕ್ಕೆಂದು ಆ ಮೇಲೆ ಅದನ್ನು ಮುಂದುವರಿಸಕೂಡದು. ಆದದರಿಂದ ಹೆಚ್ಚು ಸೂಜಿ ಹಾಕಿರೆಂದು ವೈದ್ಯರನ್ನು ಒತ್ತಾಯಪಡಿಸಬೇಡಿರಿ. ಮೈಯನ್ನು ಬೆಚ್ಚಗಿಡುವದೂ ಗಾಯದ ರಕ್ಷಣೆಯೇ.

ಮನೆಯಲ್ಲಿ. ಶಸ್ತ್ರಚಿಕಿತ್ಸೆಯಾದ 30 ದಿನಗಳ ವರೆಗೂ ಗಾಯವು ಕೆಡಬಹುದು.

1. ಕೂಸನ್ನು ಮುಟ್ಟುವವರು ಮೊದಲು ಸಾಬೂನಿನಿಂದ ಕೈ ತೊಳೆಯಬೇಕು, ನೋಡಬಂದವರೆಲ್ಲರೂ ಎತ್ತಿಕೊಳ್ಳಬಾರದು.

2. ಬೂದಿ, ಅರಿಸಿನ, ಹರಳೆಣ್ಣೆ, ಸಗಣಿ ಯಾವದನ್ನೂ ಹಚ್ಚಕೂಡದು. ಅಜ್ಜಿಯು ಪ್ರೀತಿಯಿಂದಲೇ ಹಚ್ಚಿದರೂ ಕ್ರಿಮಿಯು ಪ್ರೀತಿಯನ್ನು ಅರಿಯದು.

3. ವೈದ್ಯರು ಹೇಳದೆ ಕಟ್ಟನ್ನು ಬಿಚ್ಚಬಾರದು. ಒದ್ದೆಯಾದರೆ ಅಥವಾ ಹೊಲಸಾದರೆ ಅವರಿಗೆ ತೋರಿಸಬೇಕು.

4. ವೈದ್ಯರು ಅಪ್ಪಣೆ ಕೊಟ್ಟ ಕೂಡಲೆ ತಾಯಿಯ ಹಾಲನ್ನೇ ಕೊಡಬೇಕು.

ಹೊಕ್ಕುಳಿಗೂ ಇದೇ ನಿಯಮವು. ಹುಟ್ಟಿದ ಕೂಸಿಗೆಲ್ಲಾ ಮೊದಲನೆಯ ಗಾಯವು ಅದೇ ಅಲ್ಲವೇ?

ಅಪಾಯದ ಗುರುತುಗಳು. ಗಾಯದ ಸುತ್ತಲೂ ಕೆಂಪು, ಬಾವು, ಕೀವು, ದುರ್ವಾಸನೆ. ಕೂಸು ಹಾಲು ಬಿಡುವದು, ಮಂಕಾಗುವದು. ಮೈ ಸುಡುವದು ಅಥವಾ ತಣ್ಣಗಾಗುವದು. ನಿಮಿಷಕ್ಕೆ 60 ಅಥವಾ ಹೆಚ್ಚು ಸಾರಿ ಉಸಿರಾಡುವದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ವರೆಗೆ ಕಾಯದೆ 108ಕ್ಕೆ ಕರೆಕೊಟ್ಟು ಆಸ್ಪತ್ರೆಗೆ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರುಷದೊಳಗಿನ ಕೂಸಿಗೆ ಚಿಕಿತ್ಸೆಯು ಉಚಿತವಾಗಿದೆ, ಹಣವಿಲ್ಲವೆಂದು ತಡಮಾಡಬೇಡಿರಿ.

ಪ್ರಶ್ನೆಗಳು: ಗಾಯವನ್ನು ಎಷ್ಟು ದಿನ ಕಾಯಬೇಕು? ಹಚ್ಚಬಾರದವುಗಳು ಯಾವವು? ನಿಮ್ಮ ಮನೆಯಲ್ಲಿ ಕೂಸನ್ನು ಮುಟ್ಟುವ ಮುಂಚೆ ಕೈ ತೊಳೆಯುವವರು ಯಾರು ಯಾರು?