ಕಿಣ್ವಕ್ಕೊಂದು ಗೂಡು

ಕಿಣ್ವ ಎಂಬುದು ಸಂಸ್ಕೃತದ ಹಳೆಯ ಶಬ್ದ. ಸುರೆಯನ್ನು ಹುದುಗಿಸಲು ಬೆರೆಸುತ್ತಿದ್ದ ದ್ರವ್ಯಕ್ಕೆ ಅರ್ಥಶಾಸ್ತ್ರದಲ್ಲಿ ಈ ಹೆಸರಿದೆ. 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ ಗ್ರೀಕ್ ಮೂಲದಿಂದ 'ಎಂಜೈಮ್' ಎಂಬ ಹೆಸರನ್ನು ಕಟ್ಟಿದಾಗಲೂ ಆಧಾರವಾದುದು ಹುದುಗಿನ ಕಲ್ಪನೆಯೇ. ಕನ್ನಡದ ಪಾರಿಭಾಷಿಕ ಪದ ಮೂಲಾರ್ಥಕ್ಕೆ ಇಷ್ಟು ಹತ್ತಿರವಿರುವುದು ಅಪರೂಪ. ಮರಾಠಿ ಪಠ್ಯಗಳು ಇದನ್ನೇ 'ವಿಕರ' ಎನ್ನುತ್ತವೆ. ಎರಡೂ ಭಾಷೆ ಬಲ್ಲ ಗಡಿನಾಡಿನ ವಿದ್ಯಾರ್ಥಿ ಅದನ್ನು 'ವಿಕಾರ'ವೆಂದು ಓದಿಕೊಳ್ಳದಿದ್ದರೆ ಸಾಕು.

ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸಿಯೂ ತಾನು ವ್ಯಯವಾಗದೆ ಉಳಿಯುವುದು ಕಿಣ್ವದ ಲಕ್ಷಣ. ಕಿಣ್ವಗಳಲ್ಲಿ ಬಹುಪಾಲು ಪ್ರೋಟೀನುಗಳೇ. ಕೆಲವು ಪ್ರೋಟೀನುಗಳ ಘಟಕಗಳು ಒಂದಕ್ಕೊಂದು ಹೊಂದಿಕೊಂಡು ಟೊಳ್ಳು ಗೋಳವಾಗುತ್ತವೆ. ಇವುಗಳಿಗೆ 'ಪ್ರೋಟೀನು ಪಂಜರ' ಎನ್ನಬಹುದು. ಆದರೆ ಪಂಜರವೆಂದೊಡನೆ ನೆನಪಾಗುವುದು ಸೆರೆಸಿಕ್ಕ ಗಿಳಿ. ಇಲ್ಲಿ ಗೋಡೆಯ ರಂಧ್ರಗಳಿಂದ ಸಣ್ಣ ಅಣುಗಳು ಒಳಬರುತ್ತವೆ, ಮಾರ್ಪಟ್ಟು ಹೊರಹೋಗುತ್ತವೆ. 'ಗೂಡು' ಎಂಬ ದೇಶಿ ಪದವೇ ಹೆಚ್ಚು ಒಪ್ಪುತ್ತದೆ.

ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಇಂಥ ಗೂಡು: 24 ಘಟಕಗಳು, ಹೊರವ್ಯಾಸ ಸುಮಾರು 12 ನ್ಯಾನೊಮೀಟರ್, ಒಳಟೊಳ್ಳು 8. 2004ರಲ್ಲಿ ಜಪಾನಿನ ಸಂಶೋಧಕರು ಕಬ್ಬಿಣ ತೆಗೆದ ಫೆರಿಟಿನ್ನಿನೊಳಗೆ ಪಲ್ಲೇಡಿಯಮ್ ಲೋಹದ ಸೂಕ್ಷ್ಮ ಗೊಂಚಲನ್ನು ಕೂರಿಸಿದರು. ಕಣಜವೇ ಕಮ್ಮಟವಾಯಿತು. ಅದು ಕೆಲವು ಇಂಗಾಲ ಸಂಯುಕ್ತಗಳಿಗೆ ಜಲಜನಕವನ್ನು ಸೇರಿಸಿತು. ಕಿರಿಯ ಅಣುಗಳಿಗೆ ಬೇಗ, ಹಿರಿಯವಕ್ಕೆ ತಡವಾಗಿ. ಬಾಗಿಲೇ ಆಯ್ಕೆ ಮಾಡುತ್ತಿತ್ತು.

ಇದಕ್ಕಿಂತ ಸ್ವಾರಸ್ಯವಾದುದು ಜ್ಯೂರಿಕ್‌ನ ಡೊನಾಲ್ಡ್ ಹಿಲ್ವರ್ಟ್ ತಂಡದ ಕೆಲಸ. ಅವರು ಆರಿಸಿದ್ದು ಅತಿ ಬಿಸಿನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾವೊಂದರ ಲುಮಜಿನ್ ಸಿಂಥೇಸ್. ಬಿ2 ಜೀವಸತ್ವದ ತಯಾರಿಕೆಯಲ್ಲಿ ತೊಡಗುವ, 60 ಘಟಕಗಳ ಗೂಡು. ಅದರ ಒಳಗೋಡೆಗೆ ಋಣ ವಿದ್ಯುದಂಶ ಬರುವಂತೆ ಘಟಕಗಳನ್ನು ತಿದ್ದಿದರು. ಒಳಸೇರಬೇಕಾದ ಪ್ರೋಟೀನಿಗೆ ಧನ ವಿದ್ಯುದಂಶದ ಬಾಲ ಜೋಡಿಸಿದರು. ಎರಡೂ ಸೆಳೆದುಕೊಂಡವು, ಆದರೆ ಒಳಸೇರಿದ್ದು ಸ್ವಲ್ಪವೇ.

ಗೂಡನ್ನು ಉತ್ತಮಗೊಳಿಸುವ ಹೊಣೆಯನ್ನು ಅವರು ಇ. ಕೋಲೈ ಬ್ಯಾಕ್ಟೀರಿಯಾಕ್ಕೇ ಒಪ್ಪಿಸಿದರು. ಎಚ್‌ಐವಿ ವೈರಸ್ಸಿನದೊಂದು ಕಿಣ್ವ ಪ್ರೋಟೀನುಗಳನ್ನು ಕತ್ತರಿಸುವಂಥದು, ಇ. ಕೋಲೈಗೆ ಅದು ವಿಷ. ಬಾಲ ಜೋಡಿಸಿದ ಈ ಕಿಣ್ವವನ್ನೂ ಯಾದೃಚ್ಛಿಕವಾಗಿ ಬದಲಿಸಿದ ನಾನಾ ಬಗೆಯ ಗೂಡುಗಳನ್ನೂ ಅದರ ಕೋಶಗಳಲ್ಲೇ ತಯಾರಾಗುವಂತೆ ಮಾಡಿದರು. ಯಾವ ಕೋಶದ ಗೂಡು ವಿಷವನ್ನು ಒಳಗಡಗಿಸಿತೋ ಆ ಕೋಶ ಬದುಕಿತು, ಉಳಿದವು ಸೊರಗಿದವು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗೆದ್ದ ಗೂಡಿನ ಧಾರಣಶಕ್ತಿ ಮೊದಲಿನದಕ್ಕಿಂತ ಐದರಿಂದ ಹತ್ತು ಪಟ್ಟು ಹೆಚ್ಚು. ಮುಂದೆ ಇದೇ ಗೂಡಿನಲ್ಲಿ, ಗಣಕದ ನೆರವಿನಿಂದ ರೂಪಿಸಿ ತಿದ್ದಿದ ಕೃತಕ ಕಿಣ್ವವನ್ನೂ ಅದರ ಚಟುವಟಿಕೆ ಉಳಿಯುವಂತೆ ತುಂಬಿದರು.

ಗೆದ್ದ ಗೂಡಿನ ನಿಜರೂಪ ತಿಳಿದದ್ದು ಮಾತ್ರ 2017ರಲ್ಲಿ. ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕಂಡದ್ದು 60 ಘಟಕಗಳಲ್ಲ, 360. ಗೋಡೆಯಲ್ಲಿ ಅಗಲವಾದ ಕಿಂಡಿಗಳು. ಅಂಥ ಗೂಡನ್ನು ಯಾರೂ ನಕ್ಷೆಯಲ್ಲಿ ಬರೆದಿರಲಿಲ್ಲ.