ಮಳೆನೀರಿಗೆ ಒಂದು ಪಂಪು

ಪ್ರಶ್ನೆ: ನಮ್ಮ ಮನೆ ಪೊಳಲಿಯಲ್ಲಿ, ಇಪ್ಪತ್ತಡಿಯ ಫೈಬರ್ ದೋಣಿ ಕಟ್ಟುವುದು ಕೂಳೂರಿನಲ್ಲಿ. ಮಳೆಗಾಲದಲ್ಲಿ ಬೆಳಗ್ಗೆ ಹೋಗಿ ನೋಡಿದರೆ ಮೊಣಕಾಲಿನವರೆಗೆ ನೀರು. ಬ್ಯಾಟರಿಯಲ್ಲಿ ಓಡುವ ಬಿಲ್ಜ್ ಪಂಪನ್ನು ನಾವೇ ಕೂರಿಸಬಹುದೇ? ಎಷ್ಟು ದೊಡ್ಡದು ಬೇಕು?

ಉತ್ತರ: ಧಾರಾಳವಾಗಿ ಕೂರಿಸಬಹುದು. ಆದರೆ ಯಾವ ನೀರನ್ನು ಹೊರಹಾಕಲು ಪಂಪು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ನಿಮ್ಮ ದೋಣಿ ತುಂಬುತ್ತಿರುವುದು ಮಳೆಯಿಂದ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಿಮ್ಮಂಥ ತೆರೆದ ದೋಣಿಯ ಬಾಯಿ ಹೆಚ್ಚುಕಡಿಮೆ 8 ಚದರ ಮೀಟರ್. ಆಟಿ ತಿಂಗಳ ಒಂದು ರಾತ್ರಿ 100 ಮಿ.ಮೀ. ಸುರಿದರೆ ಒಳಗೆ ನಿಲ್ಲುವುದು 800 ಲೀಟರ್, ಅಂದರೆ 800 ಕಿಲೋ ಭಾರ. ಎಂಜಿನ್ನಿನ ತೂಕದಿಂದ ಹಿಂಭಾಗ ಮೊದಲೇ ತಗ್ಗಿರುತ್ತದೆ, ನೀರೂ ಅಲ್ಲಿಗೇ ಹರಿಯುತ್ತದೆ. ಎಂಜಿನ್ ಕೂರಿಸಲೆಂದು ಹಿಂದಿನ ಹಲಗೆಯನ್ನು ತಗ್ಗಿಸಿ ಕತ್ತರಿಸಿರುತ್ತಾರಲ್ಲ, ಆ ಅಂಚಿಗೆ ನದಿ ಮುಟ್ಟಿತೋ, ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ಕಟ್ಟಿಟ್ಟ ದೋಣಿಯ ಕಡೆ ದಿನಾ ಹೋಗುವವರೂ ಕಡಿಮೆ.

ಪಂಪಿನ ಅಳತೆಗೆ ಬರೋಣ. ಡಬ್ಬದ ಮೇಲೆ 500 ಜಿಪಿಎಚ್, 1100 ಜಿಪಿಎಚ್ ಎಂದು ಬರೆದಿರುತ್ತದೆ. ಗಂಟೆಗೆ ಇಷ್ಟು ಗ್ಯಾಲನ್ ಎಂದರ್ಥ. ಇದು ಅಮೆರಿಕದ ಗ್ಯಾಲನ್, ಒಂದಕ್ಕೆ 3.78 ಲೀಟರ್. ಅಂದರೆ 500ರ ಪಂಪು ಗಂಟೆಗೆ ಸುಮಾರು 1900 ಲೀಟರ್ ಎತ್ತಬೇಕು. ಸಾಮಾನ್ಯವಾಗಿ ಇದು ನೀರನ್ನು ಮೇಲೆತ್ತದೆ ಬರಿದೇ ಹರಿಯಬಿಟ್ಟಾಗಿನ ಲೆಕ್ಕ. ತೋಟಕ್ಕೆ ಪಂಪ್‌ಸೆಟ್ ಇಟ್ಟವರಿಗೆ ಹೆಡ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಮೂರಡಿ ಮೇಲೆತ್ತಿ, ಪೈಪಿನ ಬಾಗು ದಾಟಿ, ಇಳಿದ ಬ್ಯಾಟರಿಯಲ್ಲಿ ಓಡಿದರೆ 1200 ಲೀಟರ್ ಸಿಕ್ಕರೂ ಸಾಕೆನ್ನಿ. ಗಂಟೆಗೆ 50 ಮಿ.ಮೀ.ನಂಥ ಬಿರುಮಳೆಗೂ ದೋಣಿಗೆ ಬೀಳುವುದು 400 ಲೀಟರ್. ಆದ್ದರಿಂದ ಮಳೆಗೆ ಚಿಕ್ಕ ಪಂಪೇ ಧಾರಾಳ.

ತೂತು ಬಿದ್ದರೆ ಲೆಕ್ಕ ಬೇರೆ. ನೀರಿನಿಂದ ಒಂದಡಿ ಕೆಳಗೆ ಒಂದಂಗುಲದ ತೂತಾದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನುಗ್ಗುತ್ತದೆ, ಚಿಕ್ಕ ಪಂಪು ಅದರ ಅರ್ಧವನ್ನೂ ಎತ್ತದು. ಆಗ ಕೆಲಸಕ್ಕೆ ಬರುವುದು ತೂತಿಗೆ ತುರುಕುವ ಬಟ್ಟೆ, ಕೈಯಲ್ಲೊಂದು ಬಕೆಟ್, ಹತ್ತಿರದ ದಡ.

ಜಾಗ ಹುಡುಕಲು ಎಂಜಿನ್, ಬ್ಯಾಟರಿ, ಬಲೆ ಎಲ್ಲವನ್ನೂ ಅವುಗಳ ಸ್ಥಾನದಲ್ಲಿಟ್ಟು ಎರಡು ಬಕೆಟ್ ನೀರು ಸುರಿಯಿರಿ. ನಿಂತಲ್ಲೇ ಪಂಪು. ದಯವಿಟ್ಟು ತಳಕ್ಕೆ ನೇರವಾಗಿ ಸ್ಕ್ರೂ ಹೊಡೆಯಬೇಡಿ, ನೀರು ತೆಗೆಯಲು ಹೋಗಿ ನೀರಿಗೇ ದಾರಿ ಮಾಡಿಕೊಟ್ಟಂತಾದೀತು. ಪ್ಲೈವುಡ್ ತುಂಡನ್ನು ರೆಸಿನ್‌ನಿಂದ ತಳಕ್ಕೆ ಅಂಟಿಸಿ, ಮೇಲೂ ರೆಸಿನ್ ಬಳಿದು, ಅದರಲ್ಲಿ ಮಾತ್ರ ಹಿಡಿಯುವಷ್ಟು ಗಿಡ್ಡ ಸ್ಟೀಲ್ ಸ್ಕ್ರೂ ಹಾಕಿ. ಜಾಲರಿ ಸುಲಭವಾಗಿ ಬಿಚ್ಚುವಂತಿರಲಿ. ಬಲೆಯ ನೂಲು, ಮೀನಿನ ಪೊರೆ ಮೊದಲು ಕಟ್ಟುವುದು ಅಲ್ಲೇ.

ನೀವು ಪೊಳಲಿಯಲ್ಲಿ ಮಲಗಿರುವಾಗ ಪಂಪು ಕೂಳೂರಿನಲ್ಲಿ ತಾನೇ ಓಡಬೇಕಾದರೆ ಫ್ಲೋಟ್ ಸ್ವಿಚ್ ಬೇಕೇ ಬೇಕು. ಅದನ್ನು ಪಂಪಿನ ತಳಕ್ಕಿಂತ ತುಸು ಮೇಲೆ ಕೂರಿಸಿ. ತೀರ ಕೆಳಗಿಟ್ಟರೆ ಪಂಪು ನಿಂತಾಗ ಪೈಪಿನಿಂದ ವಾಪಸು ಬರುವ ನೀರಿಗೇ ಮತ್ತೆ ಚಾಲೂ ಆಗಿ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತದೆ.

ಪೈಪು ಪಂಪಿನ ಬಾಯಿಯ ಅಳತೆಯದ್ದೇ ಇರಲಿ, ಒಳಗೆ ನುಣುಪಾಗಿರಲಿ, ನಡುವೆ ಜೋಲದೆ ಒಂದೇ ಸಮನೆ ಮೇಲೇರಲಿ. ಹೊರಬಾಯಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ಖಾಲಿ ದೋಣಿ ನೋಡಿ ತೂತು ಕೊರೆಯುತ್ತಾರೆ. ಜನ, ಬಲೆ, ಮೀನು ತುಂಬಿದಾಗ ಆ ತೂತು ನೀರಿನೊಳಗೆ! ಪಂಪು ನಿಂತೊಡನೆ ನದಿ ಅದೇ ಪೈಪಿನಲ್ಲಿ ಒಳಗೆ ಬರುತ್ತದೆ. ಪೂರ್ತಿ ಭಾರ ಹೇರಿದಾಗಿನ ನೀರಿನ ಗೆರೆಗಿಂತ ಕನಿಷ್ಠ ಒಂದಡಿ ಮೇಲೆ ಕೊರೆಯಿರಿ.

ವೈರಿಂಗಿನಲ್ಲಿ ಕಾಸು ಉಳಿಸಬೇಡಿ. ಕೂಳೂರಿನಲ್ಲಿ ಫಲ್ಗುಣಿ ನದಿ ಅರ್ಧ ಕಡಲೇ, ಉಪ್ಪುನೀರಿಗೆ ಮನೆಯ ವೈರು ಹಸಿರುಗಟ್ಟಿ ಪುಡಿಯಾಗುತ್ತದೆ. ತವರದ ಲೇಪವಿರುವ, ಎಳೆಗಳಾಗಿರುವ 2.5 ಚದರ ಮಿ.ಮೀ. ತಾಮ್ರದ ವೈರು ತನ್ನಿ. ಜೋಡಣೆಗಳು ನೀರು ನಿಲ್ಲುವ ಮಟ್ಟಕ್ಕಿಂತ ಮೇಲಿರಲಿ. ತಿರುಚಿ ಟೇಪು ಸುತ್ತುವುದು ಬೇಡ, ಕ್ರಿಂಪ್ ಮಾಡಿ ಅಂಟಿರುವ ಹೀಟ್‌ಶ್ರಿಂಕ್ ಕೊಳವೆ ಹಾಕಿಸಿ. ಬ್ಯಾಟರಿಯಿಂದ ಗೇಣು ದೂರದೊಳಗೆ, ಪಂಪಿನ ಮೇಲೆ ಬರೆದಷ್ಟೇ ಆಂಪಿಯರಿನ ಫ್ಯೂಸ್ ಇರಬೇಕು. ನೂಲು ಸಿಕ್ಕಿ ಪಂಪು ಜಾಮ್ ಆದರೆ ವೈರು ಕಾಯುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಫ್ಲೋಟ್ ಸ್ವಿಚ್ಚಿನ ವೈರು ಈ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಲಿ. ಮೇನ್ ಸ್ವಿಚ್ ದಾಟಿ ಹೋದರೆ ಸಂಜೆ ಅದನ್ನು ಆರಿಸಿ ಮನೆಗೆ ಬಂದ ಕ್ಷಣದಿಂದ ಪಂಪೂ ನಿದ್ದೆ ಹೋಗುತ್ತದೆ.

800 ಲೀಟರ್ ಎತ್ತಲು ಚಿಕ್ಕ ಪಂಪಿಗೆ ಸುಮಾರು 40 ನಿಮಿಷ ಬೇಕು, 3 ಆಂಪಿಯರಿನಂತೆ ಬರೀ 2 ಆಂಪಿಯರ್-ಅವರ್ ಖರ್ಚು. 40ರ ಬ್ಯಾಟರಿ ಹಲವು ಮಳೆ ತಡೆದೀತು. ಆದರೆ ಹಗ್ಗ ಎಳೆದು ಚಾಲೂ ಮಾಡುವ ಚಿಕ್ಕ ಎಂಜಿನ್ನುಗಳಲ್ಲಿ ಅನೇಕವು ಬ್ಯಾಟರಿ ಚಾರ್ಜ್ ಮಾಡುವುದಿಲ್ಲ, ಮಳೆಗಾಲದ ಮೋಡದಲ್ಲಿ ಸೋಲಾರನ್ನು ನೆಚ್ಚುವಂತಿಲ್ಲ. ವಾರಕ್ಕೊಮ್ಮೆ ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಮಾಡಿ, ಹೋದಾಗಲೆಲ್ಲ ಫ್ಲೋಟನ್ನು ಕೈಯಲ್ಲಿ ಎತ್ತಿ ಪಂಪು ಓಡುತ್ತದೆಯೇ ನೋಡಿ. ತಳದಲ್ಲಿ ಎಣ್ಣೆ ಚೆಲ್ಲಿದ್ದರೆ ಮೊದಲು ಬಟ್ಟೆಯಲ್ಲಿ ಹೀರಿ ತೆಗೆಯಿರಿ. ಆ ನದಿಯಲ್ಲೇ ಅಲ್ಲವೇ ಬಲೆ ಹಾಕುವುದು?

ಅಳಿವೆಬಾಗಿಲು ದಾಟುವವರಾದರೆ 1100ರದ್ದು ಕೊಳ್ಳಿ, ಅಲ್ಲಿ ಒಂದೇ ಅಲೆ ಇನ್ನೂರು ಲೀಟರ್ ಒಳಗೆ ಸುರಿಯಬಲ್ಲದು. ಹೊಳೆಯಲ್ಲೇ ಬಲೆ ಹಾಕುವ ನಿಮಗೆ 500ರ ಪಂಪು, ಒಳ್ಳೆಯ ಫ್ಲೋಟ್ ಸ್ವಿಚ್ ಸಾಕು.