ಕ್ರೈಸ್ತ ಶ್ರದ್ಧೆ ಮತ್ತು ವಿಜ್ಞಾನ

ವಿಜ್ಞಾನ ಓದಿದವನು ದೇವರನ್ನು ಬಿಡುತ್ತಾನೆಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಂಟು. ಹನಕೆರೆಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಈ ಪ್ರಶ್ನೆ ನನಗೆ ಬರಿಯ ಪುಸ್ತಕದ್ದಲ್ಲ. ಕ್ರೈಸ್ತರ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ.

ಭೂಮಿಯು ಸೂರ್ಯನನ್ನು ಸುತ್ತುತ್ತದೆಂದ ಗೆಲಿಲಿಯೋವನ್ನು 1633ರಲ್ಲಿ ರೋಮಿನ ಧರ್ಮನ್ಯಾಯಮಂಡಲಿ ಶಿಕ್ಷಿಸಿತು. ಅಂದಿನ ಧರ್ಮಪಂಡಿತರು ತಪ್ಪಿದ್ದರೆಂದು ಪೋಪ್ ಎರಡನೆಯ ಜಾನ್ ಪಾಲರು 1992ರಲ್ಲಿ ಒಪ್ಪಿದರು. ಧರ್ಮಗ್ರಂಥದಿಂದ ಗ್ರಹಗತಿಯನ್ನು ನಿರ್ಣಯಿಸಹೊರಟದ್ದೇ ಅಲ್ಲಿನ ಪ್ರಮಾದ. ಬೆಲ್ಜಿಯಂ ದೇಶದ ಪಾದ್ರಿ ಲೆಮೆತ್ರರ ಎಚ್ಚರ ಬೇರೆ. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿದ ಅವರು, ತಮ್ಮ ಸಿದ್ಧಾಂತವು ಧರ್ಮದ ಪ್ರಶ್ನೆಗೆ ಹೊರಗಿನದೆಂದೇ ಹೇಳಿದರು.

ನಮ್ಮ ನೆರೆಯ ಹಾಸನ ಜಿಲ್ಲೆಯನ್ನೇ ನೋಡಿರಿ. ಅಲ್ಲಿನ ಸಸ್ಯಗಳನ್ನು ಕುರಿತ ಬೃಹದ್ಗ್ರಂಥವನ್ನು 1976ರಲ್ಲಿ ಡ್ಯಾನ್ ನಿಕಲ್ಸನ್ನರೊಡನೆ ಹೊರತಂದವರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನಾ. ಗಿಡದ ಜಾತಿ ಗೊತ್ತಾಗುವುದು ಹೂ, ಎಲೆ, ಕಾಯಿಗಳ ಪರೀಕ್ಷೆಯಿಂದ. ಪಾದ್ರಿಗೂ ಬೇರೆ ದಾರಿಯಿಲ್ಲ.

ಆದರೆ ನೆರೆಯವನ ಹಸಿವಿಗೆ ನಾನೇಕೆ ಮರುಗಬೇಕೆಂಬುದನ್ನು ಸೂಕ್ಷ್ಮದರ್ಶಕ ಹೇಳದು. ಅದಕ್ಕೆ ಕ್ರೈಸ್ತನು ಯೇಸುವಿನ ಬಾಳನ್ನು ನೋಡುತ್ತಾನೆ. ಇಷ್ಟಕ್ಕೆ ತೊಡಕು ತೀರದು. ಯೇಸು ಸತ್ತು ಎದ್ದನೆಂಬುದು ಬರಿಯ ನೀತಿಯಲ್ಲ, ನಡೆದ ಸಂಗತಿಯೆಂದೇ ಕ್ರೈಸ್ತಮತ ಸಾರುತ್ತದೆ. ಅದನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮಾಡಿ ನೋಡಲಾಗದು. ಸಾಕ್ಷಿಗಳ ಮಾತನ್ನು ತೂಗಿ ಒಪ್ಪಬೇಕು, ಇಲ್ಲವೇ ಬಿಡಬೇಕು.

ಆದುದರಿಂದ ಓದಿಗೆ ಹೆದರಬೇಕಾಗಿಲ್ಲ. ಪ್ರಶ್ನೆ ಯಾವ ಬಗೆಯದೆಂದು ವಿಚಾರಿಸದೆ ಉತ್ತರ ಕೊಡುವುದಕ್ಕೆ ಹೆದರಬೇಕು.